ಎರಡನೇ ಚಕ್ರದ ಗೆರೆ

ಬಿಸಿಲುಕಾಲ ಕಳೆದು ಬಿತ್ತನೆ ಹತ್ತಿರವಾಗಿತ್ತು. ಕೆರೆಯಿಂದ ಹೊಲಗಳಿಗೆ ನೆಲದಡಿಯಲ್ಲಿ ಹೋಗುವ ದೊಡ್ಡ ಕೊಳವೆಗಳ ಹೂಳು ತೆಗೆಯುವ ಕೆಲಸ ಬೆಳಗಿನಿಂದ ನಡೆದಿತ್ತು. ಮೈದುನ ಬುಟ್ಟಿ ಹಿಡಿದು ಇಳಿಜಾರಿನ ಹೊಲದ ಕೊಳವೆಯೊಳಗೆ ತೆವಳಿ ಹೋಗಿದ್ದ. ಏರಿಯ ಮೇಲಿನ ತೂಬಿನ ಕೋಣೆಯಲ್ಲಿ ಅವನ ಅತ್ತಿಗೆಯೂ ಅವನ ಅಪ್ಪ, ಎಂದರೆ ಅವಳ ಮಾವನೂ ಇದ್ದರು. ಕೊಳವೆಗೊಂದರಂತೆ ಅಲ್ಲಿದ್ದ ಚಕ್ರಗಳನ್ನು ತಿರುಗಿಸಿ ನೀರು ಬಿಡುವ ಕೆಲಸ ಮೊದಲು ಮಾವನದು. ಅವರ ಕಣ್ಣು ಮಂಜಾದ ಮೇಲೆ ಸೊಸೆಯದು.

ಸಸಿಮಡಿ ಬಾಡುತ್ತಿದೆ, ಆ ಕಡೆಗಾದರೂ ನೀರು ಬಿಡಿ ಎಂದು ತೋಟದವರು ಹೇಳಿಕಳಿಸಿದ್ದರು.

ಗೋಡೆಯ ನಕ್ಷೆ ಮಾವ ಬರೆದದ್ದು. ಕೊಳವೆಗಳೆಲ್ಲ ಒಂದೇ ಕಪ್ಪು ಶಾಯಿಯಲ್ಲಿದ್ದವು. ಒಂದೊಂದಕ್ಕೆ ಒಂದೊಂದು ಬಣ್ಣ ಕೊಡೋಣ ಎಂದು ಮೈದುನ ಚಳಿಗಾಲದಲ್ಲೇ ಕೇಳಿದ್ದ. ನೀರಿಗೇ ಇಲ್ಲದ ಬಣ್ಣ ಗೆರೆಗ್ಯಾಕೆ ಎಂದು ಮಾವ ನಾಲ್ಕು ಜನರೆದುರು ಅವನನ್ನು ಹಂಗಿಸಿದ್ದರು.

ಈಗ ಮಾವ ಸಸಿಮಡಿಯಿಂದ ಗೆರೆಯ ಮೇಲೆ ಬೆರಳಾಡಿಸುತ್ತ ಬಂದು ಎರಡನೇ ಚಕ್ರ ಎಂದರು. ಸೊಸೆ ಅನುಮಾನಿಸಿದಳು.

"ಬರೆದ ಬೆರಳಿಗೆ ಗೊತ್ತಿರಲ್ವೇನಮ್ಮಾ? ತಿರುಗಿಸು."

ತಿರುಗಿಸಿದಳು. ಕಾಲಡಿಯಲ್ಲಿ ನೀರು ಮೊರೆಯಿತು. ಅವಳ ಕಣ್ಣು ಮಾತ್ರ ನಕ್ಷೆ ಬಿಡಲಿಲ್ಲ. ಹಳೆಯ ಬಾವಿಯ ಹತ್ತಿರ ಎರಡು ಗೆರೆಗಳು ನೆಟ್ಟಗೆ ಕತ್ತರಿಸದೆ, ಹೆಣೆದುಕೊಂಡ ಹಾವುಗಳಂತೆ ಒಂದರ ಮೇಲೊಂದು ಓರೆಯಾಗಿ ಜಾರಿದ್ದವು. ಅಲ್ಲಿ ಯಾರ ಬೆರಳಾದರೂ ದಾರಿ ತಪ್ಪಬಹುದಿತ್ತು.

ಮಗಳ ಬಣ್ಣದ ಪೆನ್ಸಿಲುಗಳು ಕಿಟಕಿಯ ಮೇಲಿದ್ದವು. ಸಸಿಮಡಿಯಿಂದ ಕೆಂಪು ಎಳೆದಳು. ಬಾವಿ ದಾಟಿದ ಕೆಂಪು ಮೂರನೇ ಚಕ್ರಕ್ಕೆ ಹೋಗಿ ನಿಂತಿತು. ಎರಡನೆಯದರಿಂದ ಹಸಿರು ಎಳೆದಳು. ಅದು ಕೆಂಪನ್ನು ಹಾಯ್ದು ಇಳಿಜಾರಿನ ಹೊಲಕ್ಕೆ ಇಳಿಯಿತು.

"ಮಾವ, ಸಸಿಮಡಿಯದು ಮೂರನೇ ಚಕ್ರ. ಈ ನೀರು ಅವನಿರೋ ಕಡೆ ಹೋಗ್ತಿದೆ."

ಅವಳು ಚಕ್ರಕ್ಕೆ ಜೋತುಬಿದ್ದು ಮುಚ್ಚಿದಳು. ಹೋದ ನೀರನ್ನು ಕರೆಯುವುದುಂಟೇ? ಏರಿ ಇಳಿದು ಓಡಿದಳು. ಕೊಳವೆಯ ಬಾಯಲ್ಲಿ ಅವನ ಅಂಗಿ ಬಿದ್ದಿತ್ತು. ಬಗ್ಗಿ ಕೂಗಿದರೆ ಅವಳ ಕೂಗೇ ತಿರುಗಿ ಬಂತು, ಅದರ ಹಿಂದೆ ಗುಡುಗುಡು ಸದ್ದು. ಕೆಳಗಿನ ಬದುವಿನಲ್ಲಿ ಅದೇ ಕೊಳವೆಗೆ ಇನ್ನೊಂದು ಬಾಯಿ ಇತ್ತು. ಎಡವಿ ಬಿದ್ದು, ಎದ್ದು, ಅಲ್ಲಿಗೆ ಓಡಿದಳು. ಕತ್ತಲೊಳಗೆ ಕೆಸರು ನೀರು ಉಬ್ಬುತ್ತಿತ್ತು. ಅವಳು ತೋಳು ಇಳಿಬಿಟ್ಟು ತಡಕಿದಳು. ಏನೂ ಸಿಗಲಿಲ್ಲ. ಮತ್ತೆ ತಡಕಿದಳು. ಬೆರಳುಗಳು ಬಂದು ಅವಳ ಮಣಿಕಟ್ಟು ಹಿಡಿದವು.

ಮೇಲೆ ಬಂದವನು ಬಹಳ ಹೊತ್ತು ಕೆಮ್ಮಿದ. ಹಲ್ಲು ಕಟಕಟಿಸುತ್ತಿದ್ದವು.

"ಹೂಳು ತೆಗೆಯೋಕೆ ನಾನೊಬ್ಬ ಸಾಕಾಗಿದ್ದೆ ಅತ್ತಿಗೆ. ನೀರನ್ಯಾಕೆ ಕಳಿಸಿದ್ರಿ?"

ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ದಾರಿ ತಪ್ಪಿದ್ದು ತನ್ನ ಬೆರಳೇ ಎಂದು ಮಾವನೇ ಹೇಳಲಿ ಎಂದು ಏರಿಯ ಕಡೆ ನೋಡಿದಳು.

ಮಾವ ಬದು ಹಿಡಿದು ತಡವರಿಸುತ್ತ ಬಂದರು. ಮಗನ ತಲೆ, ಹೆಗಲು, ಬೆನ್ನು ಮುಟ್ಟಿ ನೋಡಿದರು. ಅಪ್ಪ ಏನಾದರೂ ಹೇಳಲಿ ಎಂದು ಅವನು ಮುಖವೆತ್ತಿ ಕಾದ.

"ಮೂರನೇ ಚಕ್ರ ತಿರುಗಿಸಬೇಕಲ್ಲ," ಎಂದರು ಮಾವ. "ಸಸಿ ಬಾಡ್ತಿದಾವೆ."

ಮಗ ಎದ್ದು, ಒದ್ದೆ ಮೈಯಲ್ಲೇ ಮನೆಯ ದಾರಿ ಹಿಡಿದ.