ಒಂದು ಮೊರ ತೌಡು

ತೌಡಿನ ಮೂಟೆಯೊಳಗೆ ಚಿನ್ನು ಮೊಣಕೈವರೆಗೂ ಕೈ ಇಳಿಸಿದ್ದಳು. ತನಗೇ ಬಂತೆಂದು ಕೊಟ್ಟಿಗೆಯ ಹಸು ಕತ್ತು ಚಾಚಿತು. "ನಿಂಗಲ್ಲ, ಸುಮ್ನಿರು" ಎಂದು ಅದನ್ನು ಗದರಿಸಿ, ಮೊರದ ತುಂಬ ತೌಡು ತುಂಬಿಕೊಂಡು, ಮೂಗಿಗೆಲ್ಲ ಪುಡಿ ಮೆತ್ತಿಕೊಂಡೇ ಮನೆಯೊಳಕ್ಕೆ ಹೊರಟಳು.

ಇದಕ್ಕೆಲ್ಲ ಮೂಲ ಅಜ್ಜಿ ದೊಡ್ಡತಾಯಮ್ಮನ ಬಾಯಿ. ಚಿನ್ನುವಿನ ಅಮ್ಮ ಸ್ನೇಹ ಎರಡನೇ ಬಾಣಂತನಕ್ಕೆ ಕ್ಯಾತನಹಳ್ಳಿಯ ತವರಿಗೆ ಬಂದಿದ್ದಳು. ದಸರಾ ರಜೆ ಸಿಕ್ಕಿದ್ದೇ ತಡ, ಚಿನ್ನುವೂ ಅಪ್ಪನ ಜೊತೆ ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿ ಬಂದಳು. ಚೀಲದಲ್ಲಿ ಬಟ್ಟೆಯ ಮೇಲೊಂದು ಚಿತ್ರದ ಪುಸ್ತಕ. ಒಂದನೇ ಕ್ಲಾಸಿನ ಮಿಸ್ಸು ರಜೆಗೆಂದು ಕೊಟ್ಟಿದ್ದು. ಅದರಲ್ಲಿ ಅಳಿಲಿಗೆ ತಂಗಿ ಹುಟ್ಟಿದೆ. ಅಮ್ಮ ತನ್ನನ್ನು ಮರೆತೇಬಿಟ್ಟಳೆಂದು ಅಳಿಲು ಮುನಿಸಿಕೊಂಡು ಕೊಂಬೆಯ ತುದಿಗೆ ಹೋಗಿ ಕೂತಿದೆ. ಅಷ್ಟು ಚಿನ್ನುವಿಗೆ ಮಿಸ್ಸೇ ಓದಿ ಹೇಳಿದ್ದರು. ಮುಂದಿನ ಹಾಳೆಯನ್ನು ಅಮ್ಮನೇ ತಿರುವಬೇಕೆಂದು ಅವಳು ಇಣುಕಿಯೂ ನೋಡಿರಲಿಲ್ಲ.

ಆದರೆ ಬಾಣಂತಿ ಕೋಣೆಯ ಬಾಗಿಲಲ್ಲಿ ಅಜ್ಜಿ.

"ಬಾಣಂತಿ ಪುಸ್ತಕ ಮುಟ್ಟಂಗಿಲ್ಲ ಕಣಮ್ಮಿ. ಕಣ್ಣು ಮಂಜಾಯ್ತವೆ."

"ಒಂದೇ ಕತೆ, ಅಜ್ಜಿ."

"ಅರ್ಧನೂ ಇಲ್ಲ. ಅವಳ್ಯಾಕೆ ನಿಂಗೆ? ನಿನ್ನೇನು ಹೆತ್ತವ್ಳಾ? ತೌಡು ಕೊಟ್ಟು ಕೊಂಡ್ಕೊಂಡಿದ್ದು ನಿನ್ನ! ಒಳಗೆ ಮಲಗವ್ನಲ್ಲ, ಅವ್ನೇ ಅಸಲಿ ಮಗ."

ಮಗು ನೋಡಲು ಬಂದಿದ್ದ ಹೆಂಗಸರೆಲ್ಲ ಗೊಳ್ಳೆಂದರು. ತಮ್ಮನೋ ತಂಗಿಯೋ ಹುಟ್ಟಿದ ಯಾವ ಮಗುವೂ ಆ ಊರಲ್ಲಿ ಈ ಮಾತು ಕೇಳದೆ ಬೆಳೆದಿದ್ದಿಲ್ಲ. ಚಿನ್ನು ಮಾತ್ರ ನಗಲಿಲ್ಲ.

"ಎಷ್ಟು ತೌಡು?"

"ಒಂದು ಮೊರ" ಎಂದು ಅಜ್ಜಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಈಗ ಅದೇ ಅಜ್ಜಿ ಕೋಣೆಯ ಬಾಗಿಲಲ್ಲಿ ಸಾಂಬ್ರಾಣಿ ಕೆಂಡ ಊದುತ್ತ ಕೂತಿರುವಾಗ ಚಿನ್ನು ಎದುರಿಗೆ ನಿಂತು ಮೊರವನ್ನು ಬೋರಲು ಹಾಕಿದಳು.

"ತಗೋ ನಿನ್ ತೌಡು. ಈಗ ನಾನು ಕೊಂಡ್ಕೊತೀನಿ."

"ಏನನ್ನೇ?"

"ಅಮ್ಮನ್ನ."

"ಅಯ್ಯೋ, ಹಸುಗಿಟ್ಟಿದ್ದ ತೌಡೆಲ್ಲ ನೆಲಕ್ಕೆ ಸುರಿದ್ಬುಟ್ಳಲ್ಲಪ್ಪೋ!" ಅಜ್ಜಿಯ ಕೈ ಮೇಲೆದ್ದಿತು.

"ಹೊಡಿ. ಹೊಡುದ್ರೂ ವಾಪಸ್ ತಗೊಳಲ್ಲ."

ಒಳಗೆ ತಲೆಗೆ ಬಟ್ಟೆ ಬಿಗಿದು ಮಲಗಿದ್ದ ಸ್ನೇಹ ಎದ್ದು ಕೂತಳು. ಕಿವಿಯ ಹತ್ತಿಯನ್ನು ಕಿತ್ತು ಮೂಲೆಗೆಸೆದಳು.

"ಅವ್ವ, ಏನಂದೆ ಇವಳಿಗೆ?"

"ತಮಾಸೆಗೆ ತೌಡಿನ ಮಾತಂದೆ ಕಣೆ. ನಿಂಗೂ ಅಂದಿರ್ನಿಲ್ವಾ?"

"ಅಂದಿದ್ದೆ. ತಮ್ಮ ಹುಟ್ಟಿದಾಗ. ಅವತ್ತು ಕೊಟ್ಟಿಗೇಲಿ ಕರಿ ಹಸೂನ ತಬ್ಕೊಂಡು ಮಲಿಕ್ಕಂಡಿದ್ನಲ್ಲ, ಗ್ಯಾಪಕ ಐತಾ ನಿಂಗೆ?"

ಅಜ್ಜಿ ಆರಿದ ಕೆಂಡವನ್ನೇ ಊದಿದಳು.

"ಚಿನ್ನು, ಪುಸ್ತಕ ತಾ."

"ಲೇ, ಕಣ್ಣು ಕಣೆ!"

"ಮಂಜಾದ್ರೆ ಆಗ್ಲಿ ಬುಡವ್ವ. ಇವಳ ಮಖ ಕಾಣೋವಷ್ಟು ಉಳಕೊಂತದೆ."

ಹೇಳಿ ಕಳಿಸಿದಂತೆ ತೊಟ್ಟಿಲಲ್ಲಿ ಮಗು ಅಳತೊಡಗಿತು. "ನೋಡು, ಕೂಗ್ತಾವ್ನೆ!" ಎಂದು ಅಜ್ಜಿ ಗೆದ್ದವಳಂತೆ ಎದ್ದಳು. ಚಿನ್ನು ಪುಸ್ತಕವನ್ನು ಎದೆಗೊತ್ತಿಕೊಂಡು ಅಮ್ಮನ ಮುಖ ನೋಡಿದಳು.

"ಈಗಿನ್ನೂ ಹಾಲು ಕುಡ್ದವ್ನೆ. ಒಸಿ ನೀನೇ ಎತ್ಕೊ, ಅವ್ವ" ಎಂದಳು ಸ್ನೇಹ.

ತೌಡಿನ ಕಾಲಲ್ಲೇ ಚಿನ್ನು ಅಮ್ಮನ ಮಡಿಲು ಹತ್ತಿದಳು. ಮಡಿಲು ಮೊದಲಿನಷ್ಟು ದೊಡ್ಡದಿರಲಿಲ್ಲ. ಹಾಲು, ಬೆಳ್ಳುಳ್ಳಿ ಎಲ್ಲ ವಾಸನೆಯೂ ಇತ್ತು. ಅಮ್ಮ ಬೆರಳಿಟ್ಟು ಓದಿದಳು. "ನಾನು ಕೆಳಗೆ ಬರುವುದೇ ಇಲ್ಲ, ಎಂದಿತು ಅಳಿಲು."

"ಬರ್ಬೇಡ" ಎಂದಳು ಚಿನ್ನು ಅಳಿಲಿಗೆ.

ಮಗುವನ್ನು ಹೆಗಲಿಗೆ ಹಾಕಿಕೊಂಡ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕತ್ತು ಚಾಚಿ ಕೇಳಿದಳು, "ಆಮೇಲೆ? ಇಳೀತಾ ಅದು?"

"ನೀನು ಕೇಳಂಗಿಲ್ಲ. ನಿಂಗೆ ತೌಡು ಕೊಟ್ಟಾಗದೆ."

ಅಜ್ಜಿ ಹೋಗಲಿಲ್ಲ. ಮಗುವಿನ ಬೆನ್ನು ತಟ್ಟುತ್ತ ಆ ತೌಡಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತಳು. ಚಿನ್ನು ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಅಮ್ಮ ಹಾಳೆ ತಿರುವಿದಳು.