ಗಂಡಿನ ಕಡೆಯ ವಿಚಾರಣೆ

ತಟ್ಟೆಯ ಅಂಚಿನ ನೊಣವನ್ನು ವಿಶಾಲಾಕ್ಷಮ್ಮತ್ತೆ ಸೆರಗು ಬೀಸಿ ಅಟ್ಟಿದರು, ಅದು ಎದ್ದು ತೆಂಗಿನಕಾಯಿ ಮೇಲೆ, ಅಲ್ಲಿಂದ ವೀಳ್ಯದೆಲೆ ಮೇಲೆ, ಅಲ್ಲಿಂದ ಆ ಕಾಗದದ ಮೇಲೆ — ಅದನ್ಯಾಕೆ ತಟ್ಟೇಲಿಟ್ರಿ ಅತ್ತೆ, ಸಂಗೀತಾ ಒಳಗೊಳಗೇ ಕೇಳುತ್ತಾಳೆ, ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಪದ್ಧತಿ, ತಾನು ತರೀಕೆರೆಯ ತನ್ನ ಕಂಪ್ಯೂಟರ್ ಸೆಂಟರಿನಲ್ಲಿ ಪ್ರಿಂಟ್ ತೆಗೆದುಕೊಟ್ಟ ಹಾಳೆಗೂ ಹಚ್ಚಿಬಿಟ್ಟಿದ್ದಾರಲ್ಲ, ವರ ವಿಶ್ವನಾಥ್, ಅಜ್ಜಂಪುರ, ಕೋರ್ಟು ಪೊಲೀಸು ಪೇಪರು ಎಲ್ಲಾ ಕಡೆ ಹುಡುಕಲಾಗಿದೆ, ಏನೂ ಸಿಗಲಿಲ್ಲ. ಹಿಂದೆಲ್ಲ ಗಂಡಿನ ಕಡೆ ವಿಚಾರಿಸುವುದೆಂದರೆ ಇಬ್ಬರು ಹಿರಿಯರು ಆ ಊರಿಗೇ ಹೋಗಿ, ಹೋಟೆಲಿನಲ್ಲಿ ಕಾಫಿ ಕುಡಿದು, ಕ್ಷೌರದಂಗಡಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತ ಬಾಯಿ ಬಿಡಿಸುತ್ತಿದ್ದರು, ಈಗ ಯಾರಿಗೆ ಪುರುಸೊತ್ತು, ನಮ್ಮ ಸಂಗೀತಾ ಕೂತಲ್ಲೇ ನೋಡ್ಬಿಡ್ತಾಳೆ ಕಣ್ರೀ ಅಂತ ರುದ್ರಮೂರ್ತಿ ಮಾವ ಕಡೂರಿಗೆಲ್ಲ ಹೇಳಿಕೊಂಡು ಬಂದರು, ಅವಳಿಗೂ ಕೊಂಬು ಬಂದಿತ್ತು, ಸುಳ್ಳೇಕೆ. ಅವಳ ಪ್ರೋಗ್ರಾಂ ಹೆಸರನ್ನು ಹುಡುಕುವ ಕಂಪನಿಗೆ ಕಳಿಸುತ್ತದೆ, ಕಂಪನಿ ಸಿಕ್ಕಿದ್ದನ್ನು ವಾಪಸ್ ಕಳಿಸುತ್ತದೆ, ಅಷ್ಟೇ, ಒಂದು ಸಲ ಮಾತ್ರ ಹೀಗೇ ವಿಚಾರಿಸಲು ಶಿವನಿ ಊರಿನಿಂದ ಬಂದವರ ಎದುರಿಗೇ ಕೆಂಪಕ್ಷರ ಬಂದು ನಿಂತುಹೋಯಿತು, ಇದೇನಮ್ಮ ಕೆಟ್ಟೋಯ್ತಾ ಅಂದರು, ಮುಖ ಎಲ್ಲಿಡುವುದು, ಆವತ್ತೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು — ಉತ್ತರ ಬರದಿದ್ದರೆ ಖಾಲಿ ಅಂತ ತಿಳಿ, ಮುಂದೆ ಹೋಗು. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಸುಮ್ಮನೆ ಒಬ್ಬನ ಹೆಸರು ಹಾಕಿದಳು, ಜೈಲಿಗೆ ಹೋಗಿಬಂದವನು, ಊರಿಗೆಲ್ಲ ಗೊತ್ತು, ಪೇಪರಿನಲ್ಲೂ ಬಂದಿತ್ತು, ಏನೂ ಸಿಗಲಿಲ್ಲ ಅಂತ ಹಾಳೆ ಬಂತು. ಪ್ರೋಗ್ರಾಮಿನ ಒಳಗಿನ ದಾಖಲೆ ತೆಗೆದರೆ 403, ಕೋರಿಕೆ ನಿರಾಕರಿಸಲಾಗಿದೆ, ಖಾಸಗಿಯವರ ಹೆಸರಿನ ಜೊತೆ ಕೇಸು, ಅರೆಸ್ಟು ಅಂತ ಸೇರಿಸಿದರೆ ಕಂಪನಿ ಹುಡುಕುವುದೇ ಇಲ್ಲವಂತೆ, ಕೆಳಗೆ ಸರಿಸುತ್ತ ಹೋದರೆ ವಿಶ್ವನಾಥನ ಸಾಲಿನಲ್ಲೂ 403. ಹುಡುಕಿ ಸಿಗದಿರುವುದು ಬೇರೆ, ಹುಡುಕಲಿಕ್ಕೇ ಬಿಡದಿರುವುದು ಬೇರೆ, ಎರಡನ್ನೂ ಒಂದು ಮಾಡಿದ್ದು ಅವಳ ಆ ಒಂದು ಸಾಲು, ಮತ್ತೆ ಹೋದ ವಾರ ಅತ್ತೆಯ ಮಗಳು ಸ್ಫೂರ್ತಿ, ಇಗೋ ಇಲ್ಲೇ ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕೂತಿರುವ ಈ ಮದುಮಗಳು, ಫೋನಿನಲ್ಲಿ ಏನು ಕೇಳಿದಳು, ಅಕ್ಕ, ಯಾವಳೋ ಫೋನ್ ಮಾಡಿದ್ಲು, ವಿಶ್ವನಾಥನ್ನ ಮದ್ವೆ ಆಗ್ತೀಯೇನಮ್ಮ ಅಂತ ಕೇಳಿ ಅತ್ಬಿಟ್ಟು ಇಟ್ಬಿಟ್ಲು, ಏನಾದ್ರೂ ಇರ್ಬೋದಾ — ಏನೂ ಇಲ್ಲ ಕಣೇ, ನಾನು ನೋಡಿದೀನಲ್ಲ.

ನೋಡಿದೀನಲ್ಲ. ಏನು ನೋಡಿದಳು, ಅರಿಶಿನದ ನಾಲ್ಕು ಮೂಲೆ, ನಡುವೆ ಒಂದು ಸಾಲು. ಸೆರಗಿನ ಮರೆಯಲ್ಲಿ ಫೋನು ಬೆವರುತ್ತಿದೆ, ಕೋರಿಕೆಯಿಂದ ಅರೆಸ್ಟು ಅನ್ನುವ ಪದ ತೆಗೆದು ಕಳಿಸಿದಳು, ನಿರಾಕರಿಸಲಾಗಿದೆ, ಕೇಸು ತೆಗೆದಳು, ಆ ಹೆಸರಿನವರು ಒಂದು ಲೋಡು ಬಂದರು, ಬೆಂಗಳೂರಿನ ಡಾಕ್ಟರು, ದಾವಣಗೆರೆಯ ಮೇಷ್ಟ್ರು, ಇವನಿಲ್ಲ, ಮತ್ತೆ ಕೇಸು ಸೇರಿಸಿದಳು, ಒಂದು ಸೆಕೆಂಡು ಕಾದು, ಎರಡು ಕಾದು, ನಾಲ್ಕು, ಎಂಟು, ಅತಿ ಹೆಚ್ಚು ಕೋರಿಕೆ, ನಾಳೆ ಪ್ರಯತ್ನಿಸಿ — ನಾಳೆ ಏನು ಪ್ರಯತ್ನಿಸುವುದು, ಗಂಡಿನವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಾಯಿತು, ಉಪ್ಪಿಟ್ಟು ತಿಂದಾಯಿತು, ಅವನು ನಗುತ್ತಿದ್ದಾನೆ, ಒಳ್ಳೆಯವನ ಹಾಗೇ ಕಾಣುತ್ತಾನೆ, ಒಳ್ಳೆಯವನೇ ಇರಬಹುದು, ಅದೇ ಕಷ್ಟ, ಕೆಟ್ಟವನು ಅನ್ನಲಿಕ್ಕೆ ಬಾಯಿಲ್ಲ, ಒಳ್ಳೆಯವನು ಅಂತ ಬರೆದುಕೊಟ್ಟಾಗಿದೆ. ಅತ್ತೆಯ ಕಿವಿಗೆ ಬಗ್ಗಿದಳು, ಅತ್ತೆ, ಆವತ್ತು ಕಂಪ್ಯೂಟ್ರು ಹುಡುಕ್ಲೇ ಇಲ್ಲ, ತಡೆದ್ಬಿಟ್ಟಿದೆ, ತಪ್ಪು ನಂದು. ತಡೀಲಿ ಬಿಡು ಕಣೇ, ಏನೂ ಸಿಗಲಿಲ್ಲ ಅಂತ್ಲೇ ಬರ್ದಿದ್ಯಲ್ಲ, ಆ ಕುಂಕುಮದ ಬಟ್ಲು ಈ ಕಡೆ ಕೊಡು. ಕೊಟ್ಟಳು. ಸ್ವಲ್ಪ ಕಾದು ಮಾವನ ಹತ್ತಿರ ಸರಿದಳು, ಮಾವ, ಎರಡು ದಿನ ಮುಂದೆ ಹಾಕಿ, ಅಜ್ಜಂಪುರಕ್ಕೆ ಒಂದ್ಸಲ ಹೋಗಿ ವಿಚಾರಿಸ್ಕೊಂಡು ಬನ್ನಿ. ಮಾವ ಅವಳ ಕಡೆ ತಿರುಗದೆ, ನಗು ಬಿಡದೆ, ಹಲ್ಲಿನ ಸಂದಿಯಿಂದ, ಬಂದೋರ್ ಮುಂದೆ ಮಾನ ಕಳೀಬೇಡ ಕಣಮ್ಮ, ಹಾಳೆ ಕೊಟ್ಟೋಳು ನೀನು, ಆಮೇಲೆ ಗಟ್ಟಿಯಾಗಿ, ನಮ್ಮ ಹುಡುಗೀನೇ ಕಣ್ರೀ ವಿಚಾರ್ಸಿದ್ದು, ಅದನ್ನೂ ಓದ್ಬಿಡ್ಲಿ, ನಿಮ್ಗೂ ಖುಷಿ.

ಹಾಳೆ ಕೈಗೆ ಬಂತು. ಗಂಡಿನವರು ನಕ್ಕರು, ಓದಮ್ಮ ಓದು ನಮ್ ಹುಡ್ಗನ್ ಜಾತಕ. ವರ ವಿಶ್ವನಾಥ್, ಅಜ್ಜಂಪುರ, ಓದುತ್ತಿರುವುದು ಯಾರ ದನಿ, ಕೊನೆಯ ಸಾಲು ಬಂತು, ನಿಂತಳು, ಅತ್ತೆ ಕೇಳಲಿಲ್ಲ, ಮಾವ ಕೇಳಲಿಲ್ಲ, ಇನ್ನೂ ಹೇಳಬೇಕಾದವಳು ಒಬ್ಬಳೇ, ಸ್ಫೂರ್ತಿ, ತಲೆ ಎತ್ತೇ ಇಲ್ಲಿ, ಎತ್ತಿದಳು, ನಾನು ನೋಡಿಲ್ಲ ಕಣೇ, ಸಂಗೀತಾ ಅಂದಳು, ಗಟ್ಟಿಯಾಗಿಯೇ ಅಂದಳು, ಫ್ಯಾನು ತಿರುಗುತ್ತಿದೆ, ಸ್ಫೂರ್ತಿಯ ಕಣ್ಣು ಅವಳ ಮುಖ ಬಿಟ್ಟು ಹಾಳೆಗೆ ಇಳಿಯಿತು, ಅರಿಶಿನದ ನಾಲ್ಕು ಮೂಲೆ, ನಡುವೆ ಒಂದು ಸಾಲು, ಅರಿಶಿನದ ನಾಲ್ಕು ಮೂಲೆ, ನಡುವೆ —