ಐದನೇ ತಂಡದ ಡಾಕ್ಟರು ಬರೆದದ್ದು

ಹನ್ನೆರಡು ವರ್ಷಗಳಲ್ಲಿ ಒಂಬತ್ತು ದೇಶಗಳ ಬಾಸ್ಕೆಟ್‌ಬಾಲ್ ಕ್ಲಬ್ ತಂಡಗಳಿಗೆ ಆಡಿದ್ದ ಉದ್ದಣ್ಣ, ಹತ್ತನೆಯ ತಂಡದ ಡಾಕ್ಟರಮ್ಮನ ಮುಂದೆ ಬನಿಯನ್ ಬಿಚ್ಚಿ ಕೂತಿದ್ದ. ಎದೆ ಪರೀಕ್ಷಿಸಿದ ಆಕೆ, ಹಳೆಯ ತಂಡಗಳಿಂದ ತಾನೇ ತರಿಸಿಕೊಂಡಿದ್ದ ಫೈಲು ತಿರುವಿದಳು.

"ನಿಮ್ಮ ಹೃದಯ ಆಟದ ಶ್ರಮ ತಡ್ಕೊಳ್ಳಲ್ಲ ಅಂತ ಆರು ವರ್ಷದ ಹಿಂದೇನೇ ಬರೆದಿದ್ದಾರಲ್ಲ! ಆಮೇಲೂ ಆಡಿದ್ರಾ?"

"ಯಾರು ಬರೆದಿದ್ದು?"

"ನಿಮ್ಮ ಐದನೇ ತಂಡದ ಡಾಕ್ಟರು. ನಿಮಗೆ ಹೇಳ್ಲಿಲ್ವಾ?"

ಉದ್ದಣ್ಣ ನೆನಪಿಸಿಕೊಂಡ. ಆ ಡಾಕ್ಟರು ಬೆನ್ನು ತಟ್ಟಿ, "ಕುದುರೆ ಥರ ಇದೀಯ, ಹೋಗಿ ಓಡು" ಎಂದಿದ್ದರು. ಮರುವಾರವೇ ಫೈನಲ್ ಪಂದ್ಯವಿತ್ತು.

ಬನಿಯನ್ ಹಾಕಿಕೊಂಡು ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ.

"ತಂಡಕ್ಕೆ ಸೇರಿಸ್ಕೊಂಡ್ರೇನ್ರೀ?" ಎಂದಳು ಅವಳು.

"ಇಲ್ಲ ಕಣೇ. ಆಟ ಬಿಟ್ಟು ಮನೆಗೆ ಬರ್ತಿದೀನಿ. ಇಷ್ಟು ದಿನ ಹೆಂಗೆ ಬದುಕಿದ್ನೋ, ಅದೇ ಅರ್ಥ ಆಗ್ತಿಲ್ಲ."